ಬೀಡಿ ಕಟ್ಟುವವಳ ಇಂಗ್ಲಿಷ್

“ತಾಯಿ, ನಾವು ಕಲಿಸದೆಯೇ ಒಬ್ಬಳ ಇಂಗ್ಲಿಷ್ ಉಚ್ಚಾರಣೆ ಅಷ್ಟು ಚೆನ್ನಾಗಿದ್ದರೆ ಅವಳನ್ನು ನಂಬಬಹುದೇ?”

ಕೇಳಿದವನು ಹಾಲೇಶ, ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುವವನು. ಕನ್ನಡ ಶಾಲೆಯಲ್ಲಿ ಓದಿದವರಿಗೆಂದು ಮೀಸಲಿಟ್ಟ ಸೀಟಿನಲ್ಲಿ ಒಬ್ಬ ಹುಡುಗಿ ಅವನ ತರಗತಿಗೆ ಸೇರಿದ್ದಳು. ಅವಳ ಪ್ರಮಾಣಪತ್ರ ಸುಳ್ಳೆಂದು ಅವನ ಗುಮಾನಿ. ಹಾಗೆಂದು ಅವನು ಬರೆದುಕೊಟ್ಟರೆ ಅವಳ ಓದು ಅಲ್ಲಿಗೆ ನಿಲ್ಲುತ್ತಿತ್ತು.

ಗುರುತಾಯಿ ಬಸಲಿಂಗಮ್ಮ ಒಂದು ಕತೆ ಹೇಳಿದರು.

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ಇಂಗ್ಲಿಷ್ ಉಪಾಧ್ಯಾಯನಿದ್ದ. ಅವನು ಒಂದು ಪದ ಹೇಳುವುದು, ತರಗತಿಯೆಲ್ಲ ಅದನ್ನು ಮೂರು ಸಲ ಒಪ್ಪಿಸುವುದು, ಇದೇ ಅವನ ಪಾಠ. ತನ್ನಂತೆ ಹೇಳಿದವನು ಜಾಣ, ಹೇಳದವನು ದಡ್ಡ. ಬೇರೆ ಅಳತೆ ಅವನಿಗೆ ಬೇಕಿರಲಿಲ್ಲ.

ಒಂದು ವರ್ಷ ಬೀಡಿ ಕಟ್ಟುವ ಮನೆಯ ಹೆಣ್ಣೊಬ್ಬಳು ಕನ್ನಡ ಶಾಲೆಯವರ ಮೀಸಲು ಸೀಟಿನಲ್ಲಿ ಬಂದಳು. ಎಲ್ಲರೊಡನೆ ಒಪ್ಪಿಸುವಾಗ ಅವಳ ದನಿ ಮಾತ್ರ ಬೇರೆ ಕೇಳಿಸಿತು. ತಪ್ಪೆನ್ನಲು ಉಪಾಧ್ಯಾಯನಿಗೆ ಬಾಯಿ ಬರಲಿಲ್ಲ, ಸರಿಯೆನ್ನಲು ಮನಸ್ಸು ಬರಲಿಲ್ಲ. ಇವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡ. ಅವಳ ಅಪ್ಪನ ಕಸುಬು, ಓದಿದ ಶಾಲೆ, ಯಾರ ಜೊತೆ ಊಟ ಮಾಡುತ್ತಾಳೆ ಎಂಬುದನ್ನೆಲ್ಲ ಅವರಿವರಲ್ಲಿ ವಿಚಾರಿಸಿದ. ಏನೂ ಸಿಗದಿದ್ದಾಗ ಅವಳನ್ನೇ ತರಗತಿಯಲ್ಲಿ ನಿಲ್ಲಿಸಿ ಕೇಳಿದ.

“ಯಾವ ಕಾನ್ವೆಂಟಿನಲ್ಲಿ ಓದಿದೆಯಮ್ಮ? ನಿಜ ಹೇಳು.”

“ಕಾನ್ವೆಂಟಿನ ಗೇಟೂ ನೋಡಿಲ್ಲ ಸರ್. ರೇಡಿಯೊದಲ್ಲಿ ಇಂಗ್ಲಿಷ್ ವಾರ್ತೆ ಕೇಳಿ ಕಲಿತೆ.”

“ಬೀಡಿ ಕಟ್ಟುವವರಿಗೆ ಇಂಗ್ಲಿಷ್ ವಾರ್ತೆ ಯಾಕೆ ಬೇಕಿತ್ತು?”

“ಬೇಕಿರಲಿಲ್ಲ ಸರ್. ಕನ್ನಡ ವಾರ್ತೆ ಮುಗಿದ ಮೇಲೆ ಅದು ಬರುತ್ತಿತ್ತು. ಮಡಿಲಲ್ಲಿ ಹೊಗೆಸೊಪ್ಪಿನ ಮೊರ ಇಟ್ಟುಕೊಂಡು ಕೂತವರು ಎದ್ದು ರೇಡಿಯೊ ಆರಿಸುತ್ತಾರೆಯೇ? ದಿನಾ ಕೇಳಿದೆ, ಅವರು ಅಂದ ಹಾಗೇ ಅಂದೆ. ನೀವು ಇಲ್ಲಿ ಮಾಡಿಸುವುದೂ ಅದೇ ಅಲ್ಲವೇ?”

ತರಗತಿ ನಕ್ಕಿತು. ಉಪಾಧ್ಯಾಯನ ಗುಮಾನಿ ಗಟ್ಟಿಯಾಯಿತು. ಇಷ್ಟು ಬಾಯಿ ಇರುವವಳು ಬೀಡಿ ಕಟ್ಟುವವರ ಮಗಳಾಗಿರಲಾರಳು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕ ಬಂದ. ಉಪಾಧ್ಯಾಯ ಅವನನ್ನು ಪಕ್ಕಕ್ಕೆ ಕರೆದು ತನ್ನ ಗುಮಾನಿ ತಿಳಿಸಿದ. ಪರೀಕ್ಷಕ ನಲವತ್ತು ಜನರನ್ನೂ ಒಬ್ಬೊಬ್ಬರಾಗಿ ಓದಿಸಿದ.

“ನೀವು ಹೇಳಿದ್ದು ನಿಜ. ಇಲ್ಲಿ ಏನೋ ಇದೆ.”

“ನಾನು ಹೇಳಲಿಲ್ಲವೇ! ಅವಳೇ.”

“ಅವಳಲ್ಲ ಸ್ವಾಮಿ, ಉಳಿದವರು. ಒಬ್ಬರಿಗೂ ಹಲ್ಲು ಬಿದ್ದಿಲ್ಲ. ಆದರೂ ‘ಸ’ ಅನ್ನುವಾಗ ಮೂವತ್ತೊಂಬತ್ತು ಬಾಯಲ್ಲೂ ಸಿಳ್ಳಿನ ಹಾಗೆ ಗಾಳಿ ಸೋರುತ್ತದೆ. ಈ ಮಕ್ಕಳಿಗೆ ಇದನ್ನು ಕಲಿಸಿದವರು ಯಾರು?”

ಉಪಾಧ್ಯಾಯನ ನಾಲಿಗೆ ತಾನಾಗಿಯೇ ಮೇಲಿನ ಸಾಲಿನ ಸಂದಿಗೆ ಹೋಯಿತು. ಅವನ ಮುಂದಿನ ಎರಡು ಹಲ್ಲು ಬಿದ್ದು ಹನ್ನೆರಡು ವರ್ಷವಾಗಿತ್ತು.

ಮರುದಿನ ಬೆಳಿಗ್ಗೆಯೇ ಅವನು ವರದಿ ಬರೆದ. ಪ್ರಮಾಣಪತ್ರ ನಂಬುವಂತಿಲ್ಲ, ಸೀಟು ರದ್ದು ಮಾಡಬಹುದು. ಅವಳು ಪುಸ್ತಕ ಎತ್ತಿಕೊಂಡು ಹೋದಳು. ತರಗತಿಯ ದನಿ ಮತ್ತೆ ಒಂದೇ ಆಯಿತು.

ಹಾಲೇಶನಿಗೆ ತಡೆಯಲಾಗಲಿಲ್ಲ.

“ಊನ ತನ್ನದೆಂದು ತಿಳಿದ ಮೇಲೂ ಅವಳನ್ನು ಏಕೆ ಕಳಿಸಿದ ತಾಯಿ?”

“ಅದು ನನಗೇನು ಗೊತ್ತಪ್ಪ, ಕಳಿಸಲು ಹೊರಟವನು ನೀನು.”