ಹಿಮದೂರಿನ ಕರಿಬೇವು

ಹಿಮ ಬೀಳುವ ಬೆಟ್ಟದಲ್ಲೊಂದು ಆಶ್ರಮ. ಅಲ್ಲಿ ಗುರು ರುದ್ರಮುನಿ ಅಜ್ಜಾರು, ಶಿಷ್ಯ ಅಡಿವೆಪ್ಪ. ಇಬ್ಬರೂ ಧಾರವಾಡದ ಕಡೆಯವರು.

ಅಜ್ಜಾರಿಗೆ ಕರಿಬೇವಿನ ಒಗ್ಗರಣೆಯೆಂದರೆ ಪ್ರಾಣ. ಅದರ ಘಮ ಮೂಗಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು.

ಊರಿಗೆ ಹೋಗಿದ್ದ ಅಡಿವೆಪ್ಪ ಒಂದು ಕರಿಬೇವಿನ ಸಸಿಯನ್ನು ಎದೆಗವಚಿಕೊಂಡು ತಂದ. ಕುಂಡದಲ್ಲಿ ನೆಟ್ಟು, ಕೋಣೆಯೊಳಗೆ ಕಿಟಕಿಯ ಬಿಸಿಲಿಗಿಟ್ಟ. ಅಜ್ಜಾರ ಸಾರಿಗೆ ಒಮ್ಮೆಯಾದರೂ ಇದರ ಒಗ್ಗರಣೆ ಬೀಳಬೇಕು. ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಚಳಿಗಾಲ ಬಂತು. ಎಲೆಗಳು ಉದುರತೊಡಗಿದವು. ಅಡಿವೆಪ್ಪನ ಜೀವ ಬಾಯಿಗೆ ಬಂತು. ಬೆಳಿಗ್ಗೆ ನೀರು, ಮಧ್ಯಾಹ್ನ ನೀರು, ಸಂಜೆ ಗೊಬ್ಬರದ ನೀರು. ಒಂದು ಎಲೆ ಬಿದ್ದರೆ ಇನ್ನೊಂದು ತಂಬಿಗೆ ಸುರಿದ.

“ಅಜ್ಜಾರ, ಹೊಟ್ಟಿ ತುಂಬ ಕೊಡಾಕತ್ತೀನ್ರಿ. ಆದ್ರೂ ಸೊರಗಾಕತ್ತೈತಿ.”

ಅಜ್ಜಾರು ಮಣ್ಣು ಮುಟ್ಟಿ ನೋಡಿದರು.

“ನಡಿ, ಊಟಕ್ಕ ಕೂಡು. ಇವತ್ತ ನಾ ನೀಡತೀನಿ.”

ಅಡಿವೆಪ್ಪ ಹಿಗ್ಗಿಹೋದ. ಅಜ್ಜಾರು ನೀಡಿದ್ದು ಪ್ರಸಾದ. ಬೇಡ ಅನ್ನುವಂತಿಲ್ಲ, ತಟ್ಟೆಯಲ್ಲಿ ಬಿಡುವಂತಿಲ್ಲ.

ಜೋಳದ ನುಚ್ಚು ಬಂತು, ಉಂಡ. ಮತ್ತೆ ಬಂತು, ಮತ್ತೆ ಉಂಡ. ತಟ್ಟೆ ಖಾಲಿಯಾಗುವ ಮೊದಲೇ ಸೌಟು ಬರುತ್ತಿತ್ತು. ಉಸಿರು ಬಿಗಿಯಿತು, ಆ ಚಳಿಯಲ್ಲೂ ಹಣೆ ಬೆವರಿತು. ಕೊನೆಗೆ ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದು ಅತ್ತೇಬಿಟ್ಟ.

“ಸಾಕ್ರೀ ಅಜ್ಜಾರ! ಸತ್ತ ಹೋಗ್ತೀನ್ರಿ!”

ಅಜ್ಜಾರು ಸೌಟು ಕೆಳಗಿಟ್ಟರು.

“ನಿನಗ ಕೈ ಅದಾವು, ಅಡ್ಡ ಹಿಡದಿ. ಆ ಗಿಡಕ್ಕ ಕೈ ಎಲ್ಲಿಂದ ತರೂಣು? ಚಳಿಗೆ ನಿದ್ದಿ ಹತ್ತೈತಿ, ಹಸಿವಿಲ್ಲ. ಸಾಕಪ್ಪಾ ಅಂತ ಎಲಿ ಉದುರಿಸಾಕತ್ತೈತಿ.”

ಅಂದಿನಿಂದ ಅಡಿವೆಪ್ಪ ಮಣ್ಣಿಗೆ ಬೆರಳಿಟ್ಟು ನೋಡದೆ ತಂಬಿಗೆ ಮುಟ್ಟಲಿಲ್ಲ. ಗಿಡ ಬರೀ ಕಡ್ಡಿಯಾಯಿತು. ಅದರ ಮುಂದೆ ಸುಮ್ಮನೆ ಕೂತ. ಅಯ್ಯೋ, ಸುಮ್ಮನೆ ಕೂರುವುದೇನು ಸಾಮಾನ್ಯದ ಮಾತೇ! ಕೈ ತಂಬಿಗೆಯತ್ತ ಹೋಗುತ್ತಿತ್ತು, ಹಿಂದಕ್ಕೆಳೆದುಕೊಳ್ಳುತ್ತಿದ್ದ.

ಹಿಮ ಕರಗಿತು. ಒಂದು ಬೆಳಿಗ್ಗೆ ಕಡ್ಡಿಯ ತುದಿಯಲ್ಲಿ ಎಳೆ ಚಿಗುರು!

ಅಡಿವೆಪ್ಪ ಕುಣಿದಾಡಿಬಿಟ್ಟ. ಸಾರು ಇಳಿಸಿದ, ಎಣ್ಣೆ ಕಾಯಲಿಟ್ಟ, ಓಡಿಬಂದು ಚಿಗುರಿಗೆ ಕೈಹಾಕಿದ. ಅಜ್ಜಾರು ಆ ಕೈ ಹಿಡಿದುಕೊಂಡರು.

“ನಿಮಗಂತನ ತಂದದ್ದ್ರೀ ಅಜ್ಜಾರ. ಮೊದಲ ನಿಮ್ಮ ಊಟ ಆಗ್ಬೇಕು.”

ಅಜ್ಜಾರು ನಕ್ಕರು. ಕಣ್ಣು ತುಂಬಿದ್ದವು.

“ಈಗಷ್ಟ ಎದ್ದೈತೆಪ್ಪಾ, ಹಸದೈತಿ. ಮೊದಲನೇ ಪಂಕ್ತಿಗೆ ಅದು ಕೂಡ್ಲಿ. ನಾವಿಬ್ಬರೂ ಎರಡನೇ ಪಂಕ್ತಿಗೆ ಕೂಡೂಣು.”