ಹಾಲುಕ್ಕಿಸಿದ ಸೌದೆ

"ಗುರುಗಳೇ, ಇರುವಲ್ಲೇ ಇರಲೋ, ಮೋಡಕ್ಕೆ ಹೋಗಲೋ?"

ಸಂಗಮೇಶ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಸಂಗಮೇಶ ಅದೇ ಮಠದಲ್ಲಿ ಉಂಡು ಓದಿದವನು. ಈಗ ಪಟ್ಟಣದಲ್ಲಿ ಅವನದೊಂದು ಕಚೇರಿಯಿದೆ. ನೀರೆತ್ತುವ ಪಂಪುಗಳ ಭಾಗಗಳನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ ಎರಕದ ಕಾರ್ಖಾನೆಗಳಿಗೆ ಕೊಡುವುದು ಅವನ ಕೆಲಸ.

"ಮೋಡಕ್ಕೆ ಹೋಗುವ ವಯಸ್ಸು ನನ್ನದು. ನಿನಗೇನಪ್ಪ ಅವಸರ?" ಎಂದರು ಗುರುಗಳು.

ಸಂಗಮೇಶ ನಕ್ಕ. "ಆ ಮೋಡ ಅಲ್ಲ ಗುರುಗಳೇ. ಕ್ಲೌಡ್ ಅನ್ನುತ್ತಾರೆ. ಇಷ್ಟು ದಿನ ವಿನ್ಯಾಸದ ಸಾಫ್ಟ್‌ವೇರ್ ನಮ್ಮ ಕಚೇರಿಯ ಕಂಪ್ಯೂಟರಿನಲ್ಲೇ ಇತ್ತು. ಮಾಡಿದ ಚಿತ್ರಗಳೂ ಅಲ್ಲೇ ಇದ್ದವು. ಕ್ಲೌಡಿಗೆ ಹೋದರೆ ಎರಡೂ ದೂರದ ಒಂದು ಕಂಪನಿಯ ಯಂತ್ರಗಳಲ್ಲಿ ಇರುತ್ತವೆ. ಎಲ್ಲಿ ಕುಳಿತರೂ ತೆರೆದು ಕೆಲಸ ಮಾಡಬಹುದು. ನಮ್ಮ ಕಂಪ್ಯೂಟರ್ ಸುಟ್ಟುಹೋದರೂ ಚಿಂತೆಯಿಲ್ಲ. ಆದರೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಕೀಲಿ ಅವರ ಕೈಯಲ್ಲಿರುತ್ತದೆ. ನಾಳೆ ಬಾಡಿಗೆ ಏರಿಸಿದರೆ? ನೆಟ್ ಹೋದರೆ? ಬಾಗಿಲೇ ಹಾಕಿಕೊಂಡು ಹೋದರೆ? ಯುಗಾದಿಯಿಂದ ಅಳೆದೂ ಸುರಿದೂ ಸಾಕಾಗಿದೆ. ಆ ಕಚೇರಿಯನ್ನು ನಂಬಿ ಏಳೆಂಟು ಮನೆಗಳ ಒಲೆ ಉರಿಯುತ್ತಿದೆ. ತಪ್ಪು ಹೆಜ್ಜೆ ಇಟ್ಟರೆ ಬೀಳುವವನು ನಾನೊಬ್ಬನೇ ಅಲ್ಲ."

"ತಯಾರಿ ಏನು ಮಾಡಿದ್ದೀಯ?"

"ಹೋಗುವುದೇ ಆದರೆ ಹಗುರಾಗಿ ಹೋಗೋಣ ಅಂತ ನಿನ್ನೆ ಎಲ್ಲ ಚೊಕ್ಕ ಮಾಡಿಸಿದೆ. ಸರಿಬಂದ ಚಿತ್ರಗಳನ್ನಷ್ಟೇ ಉಳಿಸಿಕೊಂಡೆವು. ಇಷ್ಟು ವರ್ಷದ ಅರ್ಧಂಬರ್ಧ, ತಿದ್ದಿ ಬಿಟ್ಟಿದ್ದು, ಕೆಟ್ಟುಹೋಗಿದ್ದು, ಎಲ್ಲ ಅಳಿಸಿದೆವು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆವು. ಜಾಗಕ್ಕೆ ತಾನೇ ಬಾಡಿಗೆ! ಈಗ ನೀವು ಹೇಳಿ. ಹೋಗಲೋ, ಬೇಡವೋ?"

ಗುರುಗಳ ಕೈ ಒಂದು ಗಳಿಗೆ ನಿಂತಿತು. ಮತ್ತೆ ಶೇಂಗಾ ಸುಲಿಯತೊಡಗಿದರು. "ಕೂತುಕೋ. ಒಂದು ಕತೆ ಕೇಳು" ಎಂದರು.

ಹೊಳೆಯ ದಡದಲ್ಲಿ ಒಂದು ಊರು. ಆ ಊರಲ್ಲಿ ಒಬ್ಬ ಕಂಚುಗಾರ. ಗಂಟೆ ಎರೆಯುವುದು ಅವನ ಕಸುಬು. ಗಂಟೆ ಎರೆಯುವುದೆಂದರೆ ದೋಸೆ ಹೊಯ್ದಂತೆ ಅಲ್ಲ. ಮೊದಲು ಮರದಲ್ಲಿ ಗಂಟೆಯ ಆಕಾರ ಕೆತ್ತಬೇಕು. ಅದು ಅಚ್ಚು. ಅಚ್ಚನ್ನು ಹಸಿ ಮರಳಿನಲ್ಲಿ ಒತ್ತಿ ತೆಗೆದರೆ ಅದರ ಗುರುತು ಉಳಿಯುತ್ತದೆ. ಆ ಗುರುತಿಗೆ ಕರಗಿದ ಕಂಚು ಹೊಯ್ಯಬೇಕು. ಗಂಟೆ ಕೊಂಡವರ ಮನೆಗೆ ಹೋಗುತ್ತದೆ, ಅಚ್ಚು ಕಂಚುಗಾರನ ಮನೆಯಲ್ಲಿ ಉಳಿಯುತ್ತದೆ. ಅವನ ಆಸ್ತಿಯೆಂದರೆ ಅದೇ.

ಆ ಊರಿನ ಕಡವಿನಲ್ಲಿ, ಅಂದರೆ ದೋಣಿ ನಿಲ್ಲುವ ಜಾಗದಲ್ಲಿ, ಒಂದು ಗಂಟೆ ತೂಗುತ್ತಿತ್ತು. ಮಂಜು ಕವಿದ ಬೆಳಗಿನಲ್ಲಿ ಅಂಬಿಗನಿಗೆ ದಡ ಕಾಣುವುದಿಲ್ಲ. ದಡದವರು ಗಂಟೆ ಬಾರಿಸುತ್ತಾರೆ, ಅವನು ದನಿ ಹಿಡಿದು ದೋಣಿ ತರುತ್ತಾನೆ. ಕಡವಿನ ಗಂಟೆ ಎರೆಯುವ ಹಕ್ಕು ತಲೆತಲಾಂತರದಿಂದ ಈ ಕಂಚುಗಾರನ ಮನೆಯದು. ಅದು ತಪ್ಪಿದರೆ ತಾನು ಬದುಕಿದ್ದೂ ದಂಡ ಎಂದು ಅವನು ತಿಳಿದಿದ್ದ.

ಅವನ ಅಪ್ಪ ತೀರಿಕೊಂಡಿದ್ದ. ಅಪ್ಪನಿಗೆ ಒಂದು ಅಭ್ಯಾಸವಿತ್ತು. ಕೆಟ್ಟ ಅಚ್ಚುಗಳನ್ನು ಬಿಸಾಡುತ್ತಿರಲಿಲ್ಲ. ಬಾಯಿ ಅಗಲವಾಗಿ ದನಿ ಚದುರಿದ್ದು, ಅಂಚು ತೆಳುವಾಗಿ ಬಿರುಕು ಬಿಟ್ಟದ್ದು, ಎಲ್ಲವನ್ನೂ ಕುಲುಮೆಮನೆಯ ಬಾಗಿಲ ಹಿಂದೆ ಹಗ್ಗದಲ್ಲಿ ನೇತುಹಾಕುತ್ತಿದ್ದ. ಒಮ್ಮೆ ಕಡವಿಗೆ ಇನ್ನೂ ದೊಡ್ಡ ಗಂಟೆ ಮಾಡುತ್ತೇನೆಂದು ಹೊರಟು ಸೋತಿದ್ದ. ಆ ದೊಡ್ಡ ಅಚ್ಚಿಗೆ ಅಲ್ಲಲ್ಲಿ ಮೇಣ ಮೆತ್ತಿ, ತಿದ್ದಿ, ಅದನ್ನೂ ಅಲ್ಲೇ ಕಟ್ಟಿದ್ದ. ಹೊಸ ಅಚ್ಚು ಕೆತ್ತುವ ಮುನ್ನ ಅವುಗಳಲ್ಲಿ ಒಂದನ್ನು ಇಳಿಸಿ, ತೊಡೆಯ ಮೇಲಿಟ್ಟುಕೊಂಡು, ಕೈಯಾಡಿಸುತ್ತಾ ಕೂರುತ್ತಿದ್ದ. ಮಗ ಅದನ್ನು ಮುದುಕನ ಮರುಳು ಎಂದುಕೊಂಡಿದ್ದ. ಒಳಗೆ ಬರುವಾಗ ಆ ದೊಡ್ಡ ಅಚ್ಚು ಅವನ ಹಣೆಗೇ ಬಡಿಯುತ್ತಿತ್ತು. ಬಡಿದಾಗಲೆಲ್ಲ ಬೈದುಕೊಳ್ಳುತ್ತಿದ್ದ.

ಹೀಗಿರುವಾಗ ಒಬ್ಬ ವರ್ತಕ ಊರ ಹೊರಗೆ ದೊಡ್ಡ ಕಲ್ಲಿನ ಮನೆ ಕಟ್ಟಿಸಿದ. ಅಚ್ಚಿನ ಮನೆ ಎಂದು ಹೆಸರಿಟ್ಟ. ಡಂಗುರ ಹೊಡೆಸಿದ. ಕಸುಬಿನವರು ಯಾರು ಬೇಕಾದರೂ ತಮ್ಮ ಅಚ್ಚು ತಂದು ಇಲ್ಲಿಡಬಹುದು. ಇಲ್ಲಿ ಬೆಂಕಿಯ ಭಯವಿಲ್ಲ, ಗೆದ್ದಲಿನ ಕಾಟವಿಲ್ಲ. ಸಂತೆಯೂರುಗಳಲ್ಲೆಲ್ಲ ಅವನ ಮನೆಗಳಿದ್ದವು. ನೀವು ಯಾವ ಊರಲ್ಲಿ ಕೆಲಸ ಹಿಡಿದರೂ ಅಚ್ಚನ್ನು ಅಲ್ಲಿಗೇ ತಲುಪಿಸುತ್ತೇನೆ ಎಂದ. ಹಿಡಿದಷ್ಟು ಜಾಗಕ್ಕೆ ವರ್ಷಕ್ಕಿಷ್ಟು ಬಾಡಿಗೆ. ಕೀಲಿ ಮಾತ್ರ ಅವನ ಪಾರುಪತ್ಯಗಾರನ ಸೊಂಟದಲ್ಲಿ.

ಕಂಚುಗಾರನಿಗೆ ಹೋಗುವ ಆಸೆ, ಹೋಗಲು ಹೆದರಿಕೆ. ಅವನ ಕುಲುಮೆಮನೆಗೆ ಹುಲ್ಲಿನ ಮಾಡು. ಒಂದು ಕಿಡಿ ಹಾರಿದರೆ ಮುಗಿಯಿತು. ಆದರೆ ಅಚ್ಚು ಕೊಟ್ಟರೆ ವರ್ತಕನ ಕೈಗೆ ಜುಟ್ಟು ಕೊಟ್ಟ ಹಾಗೆ ಎಂದು ಪಕ್ಕದ ಮನೆಯ ಬಡಗಿ ಹೇಳಿದ್ದ. ಕಂಚುಗಾರ ಅಚ್ಚಿನ ಮನೆಗೆ ಹೋಗಿ ಗೋಡೆ ತಟ್ಟಿ ನೋಡಿದ. ಬೀಗ ಜಗ್ಗಿ ನೋಡಿದ. ಪಾರುಪತ್ಯಗಾರನನ್ನು ಹಿಡಿದು ಕೂರಿಸಿಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ. ಕೊನೆಗೆ, "ನೀನೇ ಸತ್ತರೆ?" ಎಂದ.

"ಇನ್ನೊಬ್ಬ ಬರುತ್ತಾನೆ ಅಣ್ಣ. ನೀವು ಸತ್ತರೆ ಯಾರಿಗೆ ಕೊಡಬೇಕು, ಅದನ್ನು ಹೇಳಿ" ಎಂದ ಪಾರುಪತ್ಯಗಾರ.

ನೋಡಪ್ಪ ಸಂಗಮೇಶ, ಬೀಗದ ಬಗ್ಗೆ ಅವನಷ್ಟು ಯೋಚಿಸಿದವರು ಆ ಸೀಮೆಯಲ್ಲೇ ಯಾರೂ ಇರಲಿಲ್ಲ. ಯೋಚಿಸಿ ಯೋಚಿಸಿ ಕಡೆಗೆ ಹೋಗುವುದೆಂದೇ ತೀರ್ಮಾನಿಸಿದ. ಅದು ತಪ್ಪು ತೀರ್ಮಾನವೇನೂ ಅಲ್ಲ.

"ಜಾಗಕ್ಕೆ ಬಾಡಿಗೆ ಅಣ್ಣ. ಕೆಲಸಕ್ಕೆ ಬರುವುದನ್ನಷ್ಟೇ ತನ್ನಿ" ಎಂದಿದ್ದ ಪಾರುಪತ್ಯಗಾರ. ಪಾಪ, ಒಳ್ಳೆಯದಕ್ಕೇ ಹೇಳಿದ್ದ. ಕಂಚುಗಾರ ಸರಿಯಾದ ಅಚ್ಚುಗಳನ್ನೆಲ್ಲ ಹಳೆಯ ಸೀರೆಯಲ್ಲಿ ಸುತ್ತಿದ. ಗಾಡಿಯಲ್ಲಿ ಹುಲ್ಲು ಹಾಸಿ, ಮಕ್ಕಳನ್ನು ಮಲಗಿಸಿದ ಹಾಗೆ ಮಲಗಿಸಿದ. ಬಾಗಿಲ ಹಿಂದಿನವು ಹಾಗೇ ತೂಗುತ್ತಿದ್ದವು. ಸೊಟ್ಟ ಮರಕ್ಕೆ ಬಾಡಿಗೆ ಕಟ್ಟುವ ಹುಚ್ಚ ಯಾರು?

ಹೊರಡುವಾಗ ಅವನ ಹೆಂಡತಿ ತಡೆದಳು. "ಬಾಡಿಗೆಗೆ ಹಿಡಿದದ್ದು ಬರೀ ಒಂದು ಗೂಡಾದರೇನು, ಹೊಸ ಜಾಗ ಹೊಸ ಜಾಗವೇ. ಹಾಲುಕ್ಕಿಸದೆ ಒಳಗೆ ಏನೂ ಇಡುವುದು ಬೇಡ" ಎಂದಳು. ಸರಿಯಾದ ಮಾತೇ. ಆದರೆ ಅಚ್ಚಿನ ಮನೆಯೊಳಗೆ ಬೆಂಕಿ ಹೊತ್ತಿಸುವಂತಿಲ್ಲ. ಹೊರಗೆ ಅಂಗಳದಲ್ಲಿ ಮೂರು ಕಲ್ಲು ಹೂಡಬೇಕು. ಸೌದೆ ಒಯ್ಯಬೇಕು.

"ಸೌದೆಗೇನು ಬರವೇ!" ಎಂದ ಕಂಚುಗಾರ. ಬಾಗಿಲ ಹಿಂದೆ ಕೈಹಾಕಿದ. ಹಗ್ಗ ಬಿಚ್ಚಿ, ನೇತಾಡುತ್ತಿದ್ದುದನ್ನೆಲ್ಲ ಗಾಡಿಯ ಹಿಂದಕ್ಕೆ ಎಸೆದ. ವರ್ಷಗಟ್ಟಲೆ ಒಣಗಿದ ಸಾಗುವಾನಿ. ಮೇಲೆ ಮೇಣ ಬೇರೆ. ಬೆಂಕಿ ಸೋಕಿದ್ದೇ ತಡ, ಧಗಧಗ ಉರಿಯಿತು. ಹಾಲು ಕಣ್ಣು ಮುಚ್ಚಿ ತೆರೆಯುವುದರೊಳಗೆ ಉಕ್ಕಿತು. ಅದೂ ಪೂರ್ವ ದಿಕ್ಕಿಗೇ ಉಕ್ಕಿತು. ನೆರೆದ ಮುತ್ತೈದೆಯರು "ಒಳ್ಳೆಯದಾಯಿತು, ಒಳ್ಳೆಯದಾಯಿತು" ಎಂದರು. ಎಲ್ಲರಿಗೂ ಒಂದೊಂದು ಗುಟುಕು ಹಾಲು ಸಿಕ್ಕಿತು. ಸಂಜೆ ಕುಲುಮೆಮನೆಗೆ ಬಂದಾಗ ಅವನ ಹಣೆಗೆ ಏನೂ ಬಡಿಯಲಿಲ್ಲ. ಕಂಚುಗಾರನಿಗೆ ಬಹಳ ಸಂತೋಷವಾಯಿತು.

ಆಮೇಲೆ ಅವನು ಹೆದರಿದ್ದು ಯಾವುದೂ ನಡೆಯಲಿಲ್ಲ. ವರ್ತಕ ಮೋಸ ಮಾಡಲಿಲ್ಲ. ಕೀಲಿ ಕಳೆಯಲಿಲ್ಲ. ಬಾಡಿಗೆ ಸ್ವಲ್ಪ ಏರಿತು, ಗೊಣಗಿಕೊಂಡು ಕಟ್ಟಿದ. ಒಂದು ಬೇಸಿಗೆಯಲ್ಲಿ ಕುಲುಮೆಯ ಕಿಡಿ ಹಾರಿ ಅವನ ಮಾಡಿಗೂ ಬಡಗಿಯ ಮಾಡಿಗೂ ಬೆಂಕಿ ಬಿತ್ತು. ಬಡಗಿಯ ಸರಂಜಾಮೆಲ್ಲ ಬೂದಿಯಾಯಿತು. ಅವನು ಎದೆ ಎದೆ ಬಡಿದುಕೊಂಡ. ಕಂಚುಗಾರನ ಅಚ್ಚುಗಳು ಕಲ್ಲಿನ ಮನೆಯಲ್ಲಿ ತಣ್ಣಗಿದ್ದವು. "ಬುದ್ಧಿವಂತ ಅಂದರೆ ಇವನಪ್ಪ" ಎಂದಿತು ಊರು.

ಮರುವರ್ಷ ಹೊಳೆಗೆ ಮಹಾಪೂರ ಬಂತು. ಪೂರ ಇಳಿದಾಗ ಹೊಳೆ ಆಚೆಯ ದಡವನ್ನು ತಿಂದು ಅಗಲವಾಗಿತ್ತು. ಕಡವಿನ ಗಂಟೆ ಆಚೆಗೆ ಕೇಳಿಸದಾಯಿತು. ಒಂದು ಮಂಜಿನ ಬೆಳಗ್ಗೆ ದೋಣಿಯೊಂದು ದಾರಿ ತಪ್ಪಿ ಬಂಡೆಗೆ ತಾಗಿತು. ಜನ ಹೇಗೋ ಉಳಿದರು. ಊರ ಹಿರಿಯರು ಕಂಚುಗಾರನನ್ನು ಕರೆಸಿದರು.

"ಗಂಟೆ ದೊಡ್ಡದಾಗಬೇಕು ತಮ್ಮಾ. ದನಿ ಮಾತ್ರ ಅದೇ ಇರಬೇಕು. ಹೊಳೆಯ ಜನಕ್ಕೆ ಆ ದನಿಯೇ ಗುರುತು. ಬರುವ ಮಂಜಿನ ಕಾಲದೊಳಗೆ ಆಗದಿದ್ದರೆ ಬೇರೆ ಊರಿನವರನ್ನು ಕರೆಯಬೇಕಾಗುತ್ತದೆ. ಜನರ ಜೀವದ ಮಾತು, ಬೇಸರ ಮಾಡಿಕೊಳ್ಳಬೇಡ."

"ಈಗಿನ ಗಂಟೆಗೆ ಅಪ್ಪ ಮಾಡಿದ ಅಚ್ಚೇ ಇದೆಯಲ್ಲ, ಅದೇನು ದೊಡ್ಡ ಮಾತು!" ಎಂದ ಕಂಚುಗಾರ.

ಅಚ್ಚಿನ ಮನೆಗೆ ಹೋಗಿ ಕೇಳಿದ. ಕೇಳಿದ ಕೂಡಲೇ ಸಿಕ್ಕಿತು. ಒಂದು ಗೀರು ಕೂಡ ಬಿದ್ದಿರಲಿಲ್ಲ. ಅಳತೆ ತೆಗೆದು, ಎಲ್ಲವನ್ನೂ ಸಮನಾಗಿ ಹಿಗ್ಗಿಸಿ ಹೊಸ ಅಚ್ಚು ಕೆತ್ತಿದ. ಕಂಚು ಹೊಯ್ದ. ಗಂಟೆ ಬಾರಿಸಿದರೆ ಒಡಕು ಗಡಿಗೆಗೆ ಬಡಿದಂತೆ ದಬ್ ಎಂದಿತು. ಅಂಚು ದಪ್ಪ ಮಾಡಿ ಇನ್ನೊಂದು ಹೊಯ್ದ. ಅದು ಆರುವಾಗಲೇ ಬಿರಿಯಿತು. ಮತ್ತೊಂದು ಹೊಯ್ದ. ಅದು ಜೋರಾಗಿಯೇ ಕೂಗಿತು. ಕಡವಿನಲ್ಲಿ ಕಟ್ಟಿದರು. ಮಾರನೆಯ ದಿನ ಅಂಬಿಗ ಬಂದ.

"ಅಣ್ಣ, ನಿನ್ನ ಗಂಟೆ ಕೇಳಿಸಿತು. ಯಾವ ಕಡೆಯಿಂದ ಅನ್ನುವುದು ಮಾತ್ರ ತಿಳಿಯಲಿಲ್ಲ" ಎಂದ.

ಕಂಚುಗಾರ ಮನೆಗೆ ಬಂದು ಅಪ್ಪನ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಗಂಟೆ ಹೇಗಿದೆ ಎಂಬುದನ್ನು ಅದು ಹೇಳುತ್ತಿತ್ತು. ಹಾಗೆ ಏಕಿದೆ ಎಂಬುದನ್ನು ಹೇಳುತ್ತಿರಲಿಲ್ಲ. ಬಾಯಿ ಒಂದು ಬೆರಳು ಅಗಲಿಸಿದರೆ ಏನಾಗುತ್ತದೆ, ಸೊಂಟ ಒಂದು ನೂಲಿನಷ್ಟು ಬಿಗಿದರೆ ಏನಾಗುತ್ತದೆ, ಅದನ್ನೆಲ್ಲ ಅಪ್ಪ ಮಾಡಿ ನೋಡಿದ್ದ. ಮಾಡಿ, ಸೋತು, ಸೋತಿದ್ದನ್ನು ಬಾಗಿಲ ಹಿಂದೆ ಕಟ್ಟಿದ್ದ. ಇಷ್ಟೇ ದೊಡ್ಡ ಗಂಟೆಯ ಅಚ್ಚೂ ಅಲ್ಲಿತ್ತು. ಎಲ್ಲೆಲ್ಲಿ ತಪ್ಪಿದ್ದನೋ ಅಲ್ಲಲ್ಲಿ ಅಪ್ಪ ಮೇಣ ಮೆತ್ತಿದ್ದ. ಎಲ್ಲಿ ಮೆತ್ತಿದ್ದ? ಎಷ್ಟು ಮೆತ್ತಿದ್ದ? ಆ ಅಚ್ಚಿನ ನೆನಪು ಅವನ ಹಣೆಗಿತ್ತು, ಕೈಗಿರಲಿಲ್ಲ.

ಎದ್ದು ಅಚ್ಚಿನ ಮನೆಗೆ ಓಡಿದ. ಅಂಗಳದಲ್ಲಿ ಮೂರು ಕಲ್ಲುಗಳು ಹಾಗೇ ಇದ್ದವು. ನಡುವೆ ಹುಲ್ಲು ಬೆಳೆದಿತ್ತು. ಅವನು ಅಲ್ಲೇ ಕುಸಿದು ಕುಳಿತದ್ದನ್ನು ನೋಡಿ ಪಾರುಪತ್ಯಗಾರ ಗಾಬರಿಯಿಂದ ಬಂದ.

"ಏನಾಯಿತು ಅಣ್ಣ? ನೀವು ಇಟ್ಟದ್ದರಲ್ಲಿ ಒಂದು ಕಡ್ಡಿಯೂ ಕಳೆದಿಲ್ಲವಲ್ಲ?"

"ಇಲ್ಲಪ್ಪ, ಇಟ್ಟದ್ದೆಲ್ಲ ಇದೆ. ನಿನ್ನದೇನೂ ತಪ್ಪಿಲ್ಲ" ಎಂದ ಕಂಚುಗಾರ. "ನಮ್ಮಪ್ಪ ಜೀವಮಾನವೆಲ್ಲ ಸೋತಿದ್ದ. ಅಷ್ಟು ಸೋಲಲು ನನಗಿನ್ನು ವಯಸ್ಸೆಲ್ಲಿದೆ?" ಎಂದು ಅತ್ತುಬಿಟ್ಟ.

ಮಂಜಿನ ಕಾಲ ಬಂತು. ಬೇರೆ ಊರಿನ ಕಂಚುಗಾರ ಬಂದು ಗಂಟೆ ಎರೆದುಕೊಟ್ಟ. ಕಡವಿನ ಹಕ್ಕು ಆ ಮನೆಗೆ ಹೋಯಿತು. ಅಂಬಿಗರು ಹೊಸ ದನಿಯನ್ನು ನಿಧಾನವಾಗಿ ಕಲಿತರು. ನಮ್ಮ ಕಂಚುಗಾರ ದಿನಾ ಬೆಳಗ್ಗೆ ಆ ಗಂಟೆಗೇ ಏಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ಶೇಂಗಾ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು.

"ಹಾಗಾದರೆ ಹೋಗಬೇಡ ಅನ್ನುತ್ತೀರಾ ಗುರುಗಳೇ?"

"ಹಾಗೆಂದು ಯಾರು ಹೇಳಿದರು? ಹೋಗದೆ ಕುಳಿತ ಬಡಗಿ ಎಲ್ಲ ಸುಟ್ಟುಕೊಳ್ಳಲಿಲ್ಲವೇ? ಅಚ್ಚಿನ ಮನೆ ಒಳ್ಳೆಯದೇ."

"ಮತ್ತೆ ನಾನೀಗ ಏನು ನೋಡಬೇಕು? ಬೀಗವನ್ನೇ? ಬಾಡಿಗೆಯನ್ನೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಅದಿರಲಿ ಸಂಗಮೇಶ, ನಿನ್ನೆ ನಿನ್ನ ಹಾಲು ಯಾವ ಕಡೆಗೆ ಉಕ್ಕಿತು?"

ಸಂಗಮೇಶ ಫೋನ್ ತೆಗೆದು ಕಚೇರಿಗೆ ಕರೆ ಮಾಡಿ, "ನಿನ್ನೆ ಅಳಿಸಿದ್ದರಲ್ಲಿ ಏನಾದರೂ ಉಳಿದಿದೆಯೇ ನೋಡಿ" ಎಂದ.