ಅರಳೆ ವರ್ತಕನೂ ಚಿತ್ರಗಳ ಪುಸ್ತಕವೂ

"ಗುರುಗಳೇ, ಒಬ್ಬನು ಚೆಲುವಾದ ಒಂದು ವಸ್ತುವನ್ನು ಪ್ರೀತಿಸಿದರೆ ಯಾರಿಗೆ ಏನು ಕೇಡು?" ಎಂದು ಶಿಷ್ಯ ಚನ್ನಮಲ್ಲ ಕೇಳಿದ. "ಅವನು ಕದಿಯಲಿಲ್ಲ, ಸುಳ್ಳಾಡಲಿಲ್ಲ, ಯಾರ ಅನ್ನವನ್ನೂ ಕಸಿಯಲಿಲ್ಲ. ಅದನ್ನೂ ಮೋಹವೆಂದೇ ಕರೆಯಬೇಕೆ?"

ಗುರುಗಳು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಪೇಟೆಯಲ್ಲಿ ಒಬ್ಬ ಅರಳೆ ವರ್ತಕನಿದ್ದ. ಒಳ್ಳೆಯ ಮನುಷ್ಯ. ತೂಕದಲ್ಲಿ ಎಂದೂ ಮೋಸ ಮಾಡಿದವನಲ್ಲ. ಒಮ್ಮೆ ವ್ಯಾಪಾರಕ್ಕೆಂದು ಮುಂಬಯಿಗೆ ಹೋದಾಗ, ಹಳೆಯ ಬಂಗಲೆಯೊಂದರ ಸಾಮಾನುಗಳನ್ನು ಹರಾಜು ಹಾಕುವಲ್ಲಿ ಅವನಿಗೆ ಒಂದು ದೊಡ್ಡ ಪುಸ್ತಕ ಸಿಕ್ಕಿತು. ಅದು ಫ್ರಾನ್ಸ್ ದೇಶದ ಒಬ್ಬ ಚಿತ್ರಕಾರನನ್ನು ಕುರಿತದ್ದು. ಆ ಚಿತ್ರಕಾರ ವಸ್ತುವಿಗಿಂತ ಹೆಚ್ಚಾಗಿ ಅದರ ಮೇಲೆ ಬಿದ್ದ ಬೆಳಕನ್ನೇ ಬರೆಯುತ್ತಿದ್ದನಂತೆ. ಒಂದೇ ಸೇತುವೆ ಮುಂಜಾನೆಯ ಮಂಜಿನಲ್ಲಿ ಬೇರೆ, ಇಳಿಹೊತ್ತಿನಲ್ಲಿ ಬೇರೆ. ಚಿತ್ರಗಳನ್ನು ಬಿಡಿಯಾಗಿ ಅಚ್ಚುಹಾಕಿ, ಕೈಯಿಂದಲೇ ಹಾಳೆಗಳಿಗೆ ಅಂಟಿಸಿದ್ದರು. ಒಂದೊಂದರ ಮೇಲೂ ಈರುಳ್ಳಿ ಪೊರೆಯಂಥ ತೆಳುಕಾಗದ. ಅಂಥ ಪ್ರತಿಗಳು ಲೋಕದಲ್ಲಿ ಕೆಲವೇ ಉಳಿದಿವೆ ಎಂದು ಹರಾಜಿನವನು ಹೇಳಿದ. ವರ್ತಕನಿಗೆ ಫ್ರೆಂಚ್ ಭಾಷೆ ಬಾರದು. ಆದರೂ ಮೊದಲ ಚಿತ್ರ ನೋಡಿದಾಗಲೇ ಅವನ ಕಣ್ಣು ತುಂಬಿ ಬಂತು. ಪುಸ್ತಕವನ್ನು ಕೊಂಡು ತಂದ.

ಅಂದಿನಿಂದ ಅವನಿಗೆ ಒಂದು ನೇಮವಾಯಿತು. ಮಧ್ಯಾಹ್ನ ಊಟವಾದ ಮೇಲೆ ಸೀಗೆಪುಡಿಯಿಂದ ಕೈ ತೊಳೆದು, ಚೆನ್ನಾಗಿ ಒರಸಿಕೊಂಡು, ಒಳಮನೆಯಲ್ಲಿ ಕುಳಿತು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವನು. ಉಸಿರು ತಾಗದಂತೆ ಹಾಳೆ ತಿರುವುವನು. ಮುಗಿದ ಮೇಲೆ ಅದನ್ನು ಎದೆಗೆ ಒತ್ತಿಕೊಂಡು ಹೋಗಿ ಗೋಡೆಯ ಬದಿಯ ಸಣ್ಣ ಮಂಚದ ಮೇಲೆ ಮಲಗಿಸುವನು.

ಬಹಳ ವರ್ಷ ಕಾದ ಮೇಲೆ ಅವನ ಹೆಂಡತಿ ನೀಲವ್ವ ಬಸುರಾದಳು. ಹುಟ್ಟುವ ಕೂಸಿಗೆಂದು ತನ್ನ ಹಳೆಯ ಸೀರೆಗಳಿಂದ ಪುಟ್ಟ ಕೌದಿ ಹೊಲಿದಳು. ಅದರ ಮೆತ್ತನೆಯನ್ನು ಕಂಡು ವರ್ತಕ, ಪುಸ್ತಕಕ್ಕೂ ಅಂಥದೊಂದು ಹೊಲಿದು ಕೊಡು, ಮಳೆಗಾಲದ ತಂಪಿಗೆ ಹಾಳೆಗಳು ಸುಕ್ಕಾಗುತ್ತವೆ ಎಂದ. ನೀಲವ್ವ ನಕ್ಕಳು. ಅದನ್ನೂ ಹೊಲಿದು ಕೊಟ್ಟಳು.

ಗಂಡು ಮಗು ಹುಟ್ಟಿತು. ವರ್ತಕ ಪೇಟೆಗೆಲ್ಲ ಪೇಡೆ ಹಂಚಿದ. ತೊಟ್ಟಿಲ ಬಳಿ ನಿಂತು ಮಗುವನ್ನು ನೋಡಿ ಹಿಗ್ಗುತ್ತಿದ್ದ. ಆದರೆ ಎತ್ತಿಕೊಳ್ಳುತ್ತಿರಲಿಲ್ಲ. ಎಣ್ಣೆ ಹಚ್ಚಿದ ಮೈ, ಸುರಿಯುವ ಜೊಲ್ಲು. ಜಿಡ್ಡು ಕೈಯಿಂದ ಆಮೇಲೆ ಪುಸ್ತಕ ಮುಟ್ಟುವ ಹಾಗಿಲ್ಲ. ಸ್ವಲ್ಪ ದೊಡ್ಡದಾಗಲಿ, ಹೆಗಲ ಮೇಲೆ ಕೂರಿಸಿಕೊಂಡು ಪೇಟೆ ತಿರುಗುತ್ತೇನೆ ಎನ್ನುತ್ತಿದ್ದ. ನೀಲವ್ವ ಅದನ್ನು ತಪ್ಪೆಂದು ತಿಳಿಯಲಿಲ್ಲ. ಗಂಡಸರು ಹಾಗೆಯೇ ಅಂದುಕೊಂಡಳು.

ಸುಗ್ಗಿಯ ದಿನಗಳು. ಮನೆಗೆ ಹೊಂದಿಕೊಂಡ ಕೋಠಿಯಲ್ಲಿ ಅರಳೆ ಸೂರಿನವರೆಗೆ ತುಂಬಿತ್ತು. ಒಂದು ಬೆಳಗ್ಗೆ ನೀಲವ್ವ ಒಳಮನೆಯ ತೊಟ್ಟಿಲಲ್ಲಿ ಮಗುವಿಗೆ ಕೌದಿ ಹೊದಿಸಿ ಮಲಗಿಸಿ ನೀರಿಗೆ ಹೋಗಿದ್ದಳು. ವರ್ತಕ ಅಂಗಡಿಯಲ್ಲಿ ಗಿರಾಕಿಗಳೊಡನೆ ಮಾತಾಡುತ್ತಿದ್ದ. ಎಲ್ಲಿಂದ ಕಿಡಿ ಬಿತ್ತೋ ಯಾರಿಗೂ ಗೊತ್ತಿಲ್ಲ. ಅರಳೆಗೆ ಬೆಂಕಿ ಹತ್ತಿತು. ಜನ ಓಡಿ ಬರುವಷ್ಟರಲ್ಲಿ ಮನೆಯೆಲ್ಲ ಹೊಗೆ.

ಮಗು ಒಳಗಿದೆ ಎಂದು ಯಾರೋ ಕೂಗಿದರು. ವರ್ತಕ ಹೆದರಲಿಲ್ಲ. ಹಿಡಿಯಲು ಬಂದವರನ್ನು ತಳ್ಳಿ ಒಳಗೆ ನುಗ್ಗಿದ. ಕೊಡ ಬಿಸುಟು ನೀಲವ್ವ ಓಡಿ ಬಂದಳು. ಅಷ್ಟರಲ್ಲಿ ವರ್ತಕ ಹೊರಗೆ ಬಂದ. ಹುಬ್ಬು ಸುಟ್ಟಿತ್ತು, ಅಂಗಿ ಹೊಗೆಯಾಡುತ್ತಿತ್ತು, ಎದೆಗೆ ಅವಚಿಕೊಂಡ ಕೌದಿಯ ಗಂಟಿಗೆ ಮಾತ್ರ ಒಂದು ಕಿಡಿಯೂ ತಾಗಿರಲಿಲ್ಲ. ದೇವರು ದೊಡ್ಡವನು ಎಂದು ಜನ ಕೈ ಮುಗಿದರು.

ನೀಲವ್ವ ಗಂಟನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಗಟ್ಟಿಯಾದ ಮೂಲೆಯೊಂದು ಅವಳ ಅಂಗೈಗೆ ಒತ್ತಿತು. ಕೂಸಿನ ಮೈಗೆ ಮೂಲೆಗಳಿರುವುದಿಲ್ಲ. ಬಿಚ್ಚಿ ನೋಡುವ ಮೊದಲೇ ಅವಳಿಗೆ ತಿಳಿಯಿತು.

"ಕೂಸು ಎಲ್ಲಿ?" ಎಂದಳು.

ವರ್ತಕ ಅವಳ ಕೈಯಲ್ಲಿದ್ದುದನ್ನು ನೋಡಿದ. ನಿಂತಲ್ಲೇ ಕುಸಿದ. ನೆರೆದ ಜನರಲ್ಲಿ ಒಬ್ಬರೂ ಅಲುಗಲಿಲ್ಲ.

ನೀಲವ್ವ ಗಂಟನ್ನು ನೆಲಕ್ಕೆ ಹಾಕಿ ಒಳಗೆ ಹೋದಳು. ತೊಟ್ಟಿಲಿನ ಹಗ್ಗಕ್ಕೆ ಬೆಂಕಿ ಹಿಡಿದಿತ್ತು. ಮಗುವನ್ನು ತಂದಳು. ಅದು ಬಹಳ ಹೊತ್ತಿನ ಮೇಲೆ ಅತ್ತಿತು, ಬದುಕಿತು. ಅವಳ ಎರಡು ತೋಳುಗಳೂ ಮೊಣಕೈವರೆಗೆ ಬೆಂದಿದ್ದವು.

ಅವಳು ಗಂಡನನ್ನು ಬೈಯಲಿಲ್ಲ. ತೌರಿಗೂ ಹೋಗಲಿಲ್ಲ. ಗಾಯ ಮಾಯುವವರೆಗೆ ವರ್ತಕನೇ ಅವಳಿಗೆ ತುತ್ತು ಮಾಡಿ ಉಣಿಸಿದ. ಹೊಗೆಯಲ್ಲಿ ಏನೂ ಕಾಣಲಿಲ್ಲ, ಮೆತ್ತನೆಯ ಕೌದಿ ಕೈಗೆ ಸಿಕ್ಕಿತು, ಕೂಸೆಂದೇ ಎತ್ತಿಕೊಂಡೆ ಎಂದು ಆಣೆ ಮಾಡಿ ಹೇಳಿದ. ಅವಳು, ಇರಬಹುದು, ಎಂದಳು. ಮತ್ತೆ ಆ ಮಾತೆತ್ತಲಿಲ್ಲ. ಪುಸ್ತಕವನ್ನು ಅವನು ಊರಿನ ಚಿತ್ರಕಲಾ ಶಾಲೆಗೆ ಕೊಟ್ಟುಬಿಟ್ಟ. ಮಗನನ್ನು ಎತ್ತಿಕೊಳ್ಳಲು ಕೈ ಚಾಚಿದಾಗಲೆಲ್ಲ ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಒಮ್ಮೆ ನಮ್ಮ ಮಠಕ್ಕೂ ಬಂದು ಇದನ್ನೆಲ್ಲ ಹೇಳಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲನ ಮುಖ ಬಿಳಿಚಿಕೊಂಡಿತ್ತು.

"ಅವನು ಹೆಂಡತಿಗೆ ಹೇಳಿದ್ದು ಸುಳ್ಳೇ, ಗುರುಗಳೇ?" ಎಂದು ಮೆಲ್ಲಗೆ ಕೇಳಿದ.

"ಸುಳ್ಳಲ್ಲ ಮಗನೇ, ಕಣ್ಣು ಕಾಣದ ಹೊತ್ತಿನಲ್ಲಿ ಕೈ ತಾನು ದಿನವೂ ತಬ್ಬಿದ್ದನ್ನೇ ಕೂಸೆಂದು ತಿಳಿಯುತ್ತದೆ."